ಸೊಟ್ಟ ಕಿಡಿಯೊ

ಮಗಳು ಇವತ್ತು ಮಣಿಪಾಲದ ಬೇಕರಿಯಿಂದ ಕುಸ್ವಾರಿನ, ಎಂದರೆ ಕ್ರಿಸ್‌ಮಸ್ ತಿಂಡಿಗಳ, ಪೊಟ್ಟಣ ತಂದಳು. ಬಿಚ್ಚಿದ ಕೂಡಲೇ ತೆಂಗಿನ ಹಾಲಿನಲ್ಲಿ ಕಲಸಿದ ಹಿಟ್ಟು ಎಣ್ಣೆಯಲ್ಲಿ ಬೆಂದ ಆ ಹಳೆಯ ಪರಿಮಳ.

ಕಾರ್ಕಳದ ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ವಾರ ಅಮ್ಮ, ದೊಡ್ಡಮ್ಮ, ನಾವು ಮಕ್ಕಳು ಚಾಪೆಯಲ್ಲಿ ಕೂತು ಕಿಡಿಯೊ ಮಾಡುತ್ತಿದ್ದೆವು. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುವುದು. ಕಾದಂಬರಿಕಾರರಾದ ಪಪ್ಪ ಹಿಟ್ಟು ಮುಟ್ಟುತ್ತಿರಲಿಲ್ಲ. ಆ ವರ್ಷ ಬರೆದದ್ದನ್ನು ಗಟ್ಟಿಯಾಗಿ ಓದುವುದು ಅವರ ಪಾಲಿನ ಕೆಲಸ. ಯಾರ ಅಭಿಪ್ರಾಯವನ್ನೂ ಕೇಳುತ್ತಿರಲಿಲ್ಲ. ಓದು ಮುಗಿಸಿ, ನಾವು ಸುತ್ತಿಟ್ಟ ಕಿಡಿಯೊಗಳ ಮೊರದ ಕಡೆ ನೋಡುತ್ತಿದ್ದರು. ಕಥೆ ನಮ್ಮನ್ನು ಹಿಡಿದಿದ್ದರೆ ಕೈ ತಪ್ಪಿ ಕಿಡಿಯೊ ಸೊಟ್ಟಗಾಗಿರುತ್ತಿತ್ತು. ಅಂಥ ವರ್ಷ ನೆರೆಮನೆಗಳಿಗೆ ಸೊಟ್ಟ ಕಿಡಿಯೊಗಳೇ ಹೋಗುತ್ತಿದ್ದವು. ಅಮ್ಮನಿಗೆ ನಾಚಿಕೆ, ಪಪ್ಪನಿಗೆ ಹಬ್ಬ.

ಒಂದು ವರ್ಷ ಓದು ಮುಗಿದಾಗ ಮೊರದ ತುಂಬ ಅಚ್ಚಿನಲ್ಲಿ ತೆಗೆದಂಥ ಕಿಡಿಯೊಗಳಿದ್ದವು.

"ಈ ಸಲ ಎಷ್ಟು ಚಂದ ಬಂದುಂಟು ಮಾರಾಯ್ತಿ!" ಎಂದರು ದೊಡ್ಡಮ್ಮ, ಮರೆತು. ಅಮ್ಮ ಅವರ ಮೊಣಕೈ ತಿವಿದರು.

"ಹೌದು, ಚಂದ ಉಂಟು," ಎಂದ ಪಪ್ಪ ಎದ್ದು, ಕೈಯಲ್ಲಿದ್ದ ಹಾಳೆಗಳನ್ನೆಲ್ಲ ಬಾಣಲೆಯ ಕೆಳಗೆ ಒಲೆಗೆ ಹಾಕಿದರು. ಯಾರೂ ತಡೆಯಲಿಲ್ಲ. ಅದೇ ಬೆಂಕಿಯಲ್ಲಿ ಅಮ್ಮ ಮೊದಲ ಒಬ್ಬೆ ಕರಿದರು.

"ಕಿಡಿಯೊ ಎಷ್ಟು ನೀಟಾಗಿ ಉಂಟು ಅಲ್ವಾ ಅಮ್ಮ?" ಎಂದು ಮಗಳು ಪೊಟ್ಟಣ ನನ್ನ ಕಡೆ ಸರಿಸಿದಳು. ಹುಡುಕಿ ನೋಡಿದೆ, ಒಂದೂ ಸೊಟ್ಟಗಿಲ್ಲ. ಪಾಪ, ಮಾಡುವಾಗ ಬೇಕರಿಯವರಿಗೆ ಯಾರೂ ಏನೂ ಓದಿ ಹೇಳಿರಲಿಕ್ಕಿಲ್ಲ.