ಎರಡು ಕಾರ್ಬನ್ ಹಾಳೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜಯನಗರದ ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿದ್ದೆ. ಕತ್ರಿಗುಪ್ಪೆಯ ನಮ್ಮ ಒಕ್ಕಲು ಮನೆಗಳಲ್ಲಿ ಕರಿಕೋಟು ಹಾಕಿದವನು ನಾನೊಬ್ಬನೇ. ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಬಂದು, ಕಾಲಿನ ಕೆಸರು ತೊಳೆದು ಆಫೀಸಿನಲ್ಲಿ ಕೂತರೆ ವಾದಪತ್ರ ಬರೆಯುವವನೂ ನಾನೇ, ಟೈಪು ಮಾಡುವವನೂ ನಾನೇ. ಆರು ವರ್ಷ ಹೀಗೆ ನಡೆಯಿತು. ಕೊನೆಕೊನೆಗೆ ಸಾರ್ ತಿದ್ದುತ್ತಿದ್ದದ್ದು ಅಲ್ಪವಿರಾಮ ಮಾತ್ರ. ಜಂಬ ಅನ್ನಬೇಡಿ, ನಿಜ.

ಅವರ ಸೋದರಳಿಯನೂ ಅಲ್ಲೇ ಜೂನಿಯರ್. ಒಳ್ಳೆಯವನು, ಮಹಾ ಸೋಮಾರಿ. ಒಂದು ಕೆರೆ ನೀರಿನ ದಾವೆ ಬಂದಾಗ ಆಫೀಸಿನಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ನಮ್ಮೂರಲ್ಲಿ ತೂಬು ಎತ್ತಿ ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು ನೀರುಗಂಟಿ. ಅವನ ಮಾತಿಗೆ ಶಾನುಭೋಗರ ಬರಹಕ್ಕಿಂತ ಬೆಲೆ ಹೆಚ್ಚು. ಆ ರೂಢಿಯ ಮೇಲೆಯೇ ಇಡೀ ವಾದಪತ್ರ ಕಟ್ಟಿದೆ. ದಾವೆ ಗೆದ್ದೆವು. ಎದುರು ಪಕ್ಷದ ವಕೀಲರೇ ಬಂದು ಸಾರ್ ಕೈ ಕುಲುಕಿದರು.

ಅದೇ ವರ್ಷ ಮುನ್ಸೀಫರ ಹುದ್ದೆಗಳಿಗೆ ಅರ್ಜಿ ಕರೆದರು. ಕೆಳ ಕೋರ್ಟಿನ ನ್ಯಾಯಾಧೀಶನ ಕೆಲಸ. ಹಿಂದುಳಿದವರಿಗೆ ಕೆಲವು ಸ್ಥಾನ ಮೀಸಲು. ಆ ಮೀಸಲಿನ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಅದಿಲ್ಲದಿದ್ದರೆ ನಮ್ಮಂಥವರನ್ನು ಆ ಬಾಗಿಲ ಹತ್ತಿರವೂ ಸೇರಿಸುತ್ತಿರಲಿಲ್ಲ. ಆದರೆ ನನ್ನ ಕೆಲಸ ನೋಡಿ ನನ್ನನ್ನು ಕರೆಯಬೇಕು ಎಂಬ ಆಸೆ ಎದೆಯಲ್ಲಿತ್ತು. ಆ ಕೆಲಸ ಬಲ್ಲವರು ಸಾರ್ ಒಬ್ಬರೇ. ಅರ್ಜಿಯ ಜೊತೆ ಸೀನಿಯರ್ ವಕೀಲರ ಯೋಗ್ಯತಾಪತ್ರ ಹೋಗಬೇಕಿತ್ತು. ಅಳಿಯನೂ ಅರ್ಜಿ ಹಾಕಿದ.

"ನಿಮ್ಮಿಬ್ರುದೂ ನಾನೇ ಟೈಪ್ ಮಾಡ್ತೀನಪ್ಪ, ಗುಟ್ಟಿನ ಕಾಗದ" ಎಂದರು ಸಾರ್. ಎರಡು ಬೆರಳಿನಲ್ಲಿ ಮಧ್ಯಾಹ್ನವೆಲ್ಲ ಕುಟ್ಟಿ, ಲಕೋಟೆ ಅಂಟಿಸಿ ಕಳಿಸಿದರು.

ಟೈಪು ಮಾಡಿ ಅಭ್ಯಾಸವಿಲ್ಲದವರು ಮಾಡುವ ತಪ್ಪನ್ನೇ ಅವರೂ ಮಾಡಿದ್ದರು. ನಕಲು ತೆಗೆಯಲು ಹಳೇ ಕಾರ್ಬನ್ ಇರುವಾಗ ಎರಡು ಹೊಸ ಹಾಳೆ ಬಳಸಿ, ಜೋಪಾನವಾಗಿ ಡಬ್ಬಿಗೆ ವಾಪಸು ಇಟ್ಟಿದ್ದರು. ಮಾರನೆಯ ದಿನ ನಾನು ಎಂದಿನಂತೆ, ಮಸಿ ಎಷ್ಟು ಉಳಿದಿದೆ ನೋಡೋಣವೆಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದೇ ಸಲ ಬಳಸಿದ ಕಾರ್ಬನ್ನಿನಲ್ಲಿ ಪ್ರತಿ ಅಕ್ಷರವೂ ಕಾಣುತ್ತದೆ.

ನನ್ನ ಪತ್ರದಲ್ಲಿ ಮೂರೇ ಸಾಲು. ಹಿಂದುಳಿದ ಜನಾಂಗದ ಹುಡುಗ, ವಿಧೇಯ, ಅವರ ಪಾಲಿನ ಸ್ಥಾನಕ್ಕೆ ಪರಿಗಣಿಸಬಹುದು. ಅಳಿಯನ ಪತ್ರ ಪುಟ ತುಂಬ ಇತ್ತು. ಕೆರೆ ದಾವೆಯ ಆ ಅಪರೂಪದ ವಾದಪತ್ರ ಸಂಪೂರ್ಣವಾಗಿ ಈತನದೇ ಕೆಲಸವೆಂದು ಬರೆದಿದ್ದರು.

ಎರಡೂ ಹಾಳೆ ಹಿಡಿದು ಅವರ ಮೇಜಿನ ಮುಂದೆ ನಿಂತೆ.

"ಸಾರ್, ಕೆರೆ ಕೇಸು ನಾನು ಬರ್ದಿದ್ದಲ್ವಾ?"

ಅವರು ಕನ್ನಡಕ ತೆಗೆದು ಒರೆಸಿದರು. ನಾಚಿಕೆಯೇನೂ ಕಾಣಲಿಲ್ಲ.

"ಹೌದಪ್ಪ, ಯಾರು ಇಲ್ಲ ಅಂದ್ರು? ನಿಂಗೆ ಜಾತಿ ಇದೆ, ಸಾಕು. ಅವ್ನಿಗೆ ಅದು ಕೆಲ್ಸಕ್ಕೆ ಬರಲ್ಲ, ಏನಾದ್ರೂ ತೋರಿಸ್ಬೇಕಲ್ಲ. ಇಬ್ರಿಗೂ ಆಗ್ಲಿ ಅಂತ ಹಂಚ್ದೆ."

ಊರಿನ ಪಾಲುಪಟ್ಟಿಗಳಲ್ಲಿ ಒಂದು ಅಂಗುಲ ಹೆಚ್ಚುಕಡಿಮೆ ಆಗಲು ಬಿಡದ ಮನುಷ್ಯ, ನನ್ನನ್ನು ಹಂಚಿದ್ದು ಹೀಗೆ. ತಂದೆಯಂತೆ ನಂಬಿದ್ದೆ. ಜಗಳವಾಡದೆ ಹಾಳೆಗಳನ್ನು ಡಬ್ಬಿಗೆ ವಾಪಸು ಇಟ್ಟು ಬಂದೆನಲ್ಲ ಎಂದು ಇಂದಿಗೂ ನನ್ನ ಮೇಲೆಯೇ ಕೋಪ ಬರುತ್ತದೆ.

ಇಬ್ಬರಿಗೂ ಕೆಲಸವಾಯಿತು. ಸಂದರ್ಶನದಲ್ಲಿ ನನ್ನನ್ನು ಕಾನೂನಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಊರು ಯಾವುದು, ಜನಾಂಗ ಯಾವುದು, ಅಷ್ಟೇ. ನಾನು ಕೂತ ಕೋರ್ಟಿನಲ್ಲಿ ವಕೀಲರು ಬೆನ್ನ ಹಿಂದೆ "ಮೀಸಲು ಮುನ್ಸೀಫ" ಅನ್ನುತ್ತಿದ್ದರು. ಅಳಿಯನಿಗೆ ಬುದ್ಧಿವಂತನೆಂಬ ಹೆಸರು ಬಂತು.

ವರ್ಷದೊಳಗೆ ಅವನಿಂದ ಒಂದು ಕಾಗದ ಬಂತು. "ಗುರು, ನನ್ನ ಕೋರ್ಟಿಗೆ ಒಂದು ಕೆರೆ ನೀರಿನ ದಾವೆ ಬಂದಿದೆ. ಸಾಕ್ಷಿಗಳೆಲ್ಲ ನೀರುಗಂಟಿ, ನೀರುಗಂಟಿ ಅಂತಾರೆ. ಹಂಗಂದ್ರೆ ಯಾರು ಕಣೋ? ಇಲ್ಲಿ ಕೇಳಿದ್ರೆ ನಗ್ತಾರೆ."

ಮೊದಲು ನಗು ಬಂತು. ಆಮೇಲೆ ಊಟ ಸೇರಲಿಲ್ಲ.

ಕೊನೆಗೆ ಉತ್ತರ ಬರೆದೆ. ನೀರುಗಂಟಿ ಯಾರು, ಅವನ ಮಾತಿಗೆ ಯಾಕೆ ಬೆಲೆ, ಎಲ್ಲವನ್ನೂ ನಾಲ್ಕು ಪುಟ ಟೈಪು ಮಾಡಿದೆ. ಪ್ರತಿ ಪುಟಕ್ಕೂ ಒಂದೊಂದು ಹೊಸ ಕಾರ್ಬನ್ ಹಾಕಿದೆ. ಆ ನಕಲು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಕೆಳಗೆ ನನ್ನ ಹೆಸರಿದೆ.