ಹೆತ್ತೆ ಮೇಲಕ್ಕೆ ಹತ್ತಿಸಿದ ಕಲ್ಲು

ಕವಾತು ಮಾಡಿದ ಚಹಾ ತೋಟಕ್ಕೆ ಅದರದೇ ಒಂದು ವಾಸನೆ ಇದೆ. ಹಸಿ ಕೊಂಬೆ ಕಡಿದ ಒಗರು, ಅದರಡಿಯಲ್ಲಿ ವರ್ಷಗಟ್ಟಲೆ ಬಿಸಿಲು ಕಾಣದ ಮಣ್ಣಿನ ತಂಪು. ಕಳೆದ ವಾರ ತಮ್ಮನ ತೋಟದಲ್ಲಿ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕಡಿಸಿ ಕವಾತು ಮಾಡಿಸುತ್ತಿದ್ದರು. ಆಳುಗಳಿಗೆ ಅಡುಗೆ ಮಾಡಲು ಮನೆಯಲ್ಲಿ ಕೈ ಸಾಲದೆಂದು ನಾನು ಗಂಡನ ಊರಾದ ಕೆತ್ತಿಯಿಂದ ಬಸ್ಸು ಹತ್ತಿ ತವರಿಗೆ ಬಂದಿದ್ದೆ. ಕಾಫಿಯ ಫ್ಲಾಸ್ಕು ಹಿಡಿದು ಇಳಿಜಾರಿನಲ್ಲಿ ಬರುವಾಗ, ಬೋಳು ಗಿಡಗಳ ನಡುವೆ ಅದು ಕಾಣಿಸಿತು. ಮಲಗಿದ ನಾಯಿಯಷ್ಟು ದಪ್ಪದ, ಮೈತುಂಬ ಪಾಚಿ ಹಿಡಿದ ಗಡಿಕಲ್ಲು.

ನಮ್ಮ ಹಟ್ಟಿಯಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತೇವೆ. ಆ ಕಲ್ಲನ್ನು ಅಲ್ಲಿಟ್ಟವಳು ನನ್ನ ಹೆತ್ತೆ.

ಆಗ ಅಲ್ಲಿ ಚಹಾ ಇರಲಿಲ್ಲವಂತೆ, ಆಲೂಗಡ್ಡೆ ಹೊಲ. ಮೇಲಿನ ಹೊಲ ಅವಳ ಗಂಡನ ಅಣ್ಣನಾದ ಭಾವನದು, ಕೆಳಗಿನದು ಹೆತ್ತೆಯದು. ಗಡಿಗೆ ತಾಗಿ, ಹೆತ್ತೆಯ ಕಡೆಗೆ, ಬೇಸಿಗೆಯಲ್ಲೂ ಬತ್ತದ ಒಂದು ಊಟೆ ನೀರು. ಹೆತ್ತಪ್ಪ, ಅಂದರೆ ನನ್ನ ಅಜ್ಜ, ಎಳೆ ವಯಸ್ಸಿನಲ್ಲೇ ತೀರಿಕೊಂಡರು. ಕಂಕುಳಲ್ಲಿದ್ದ ನನ್ನ ಅಪ್ಪನನ್ನು ಎತ್ತಿಕೊಂಡು ಅವಳು ಸ್ವಲ್ಪ ಕಾಲ ತವರಿಗೆ ಹೋದಳು. ಮರಳಿ ಬಂದು ನೋಡಿದರೆ ಕಲ್ಲು ಊಟೆಯಿಂದ ಕೆಳಗಿತ್ತು. ನೀರು ಭಾವನ ಪಾಲಾಗಿತ್ತು. ಹಟ್ಟಿಯ ಹಿರಿಯರಲ್ಲಿ ಹೇಳಿದಳು. ಅಣ್ಣತಮ್ಮಂದಿರ ಮನೆಯ ಮಾತು, ಹೋಗಲಿ ಬಿಡು ಎಂದರು.

ಅವಳು ಬಿಡಲಿಲ್ಲ. ಗಂಡಸರೆಲ್ಲ ಹಟ್ಟಿಯ ಮುಂದಿನ ಬಯಲಿನಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದ ಹೊತ್ತಿನಲ್ಲೇ, ಅವರ ಕಣ್ಣೆದುರಿಗೇ ಹಾರೆ ಹೆಗಲಿಗಿಟ್ಟು ನಡೆದಳು. ಹಾರೆ ಮೀಟುವುದು, ಕಲ್ಲು ಅಲುಗಿದರೆ ಕೆಳಗೊಂದು ಸಣ್ಣ ಕಲ್ಲು ಕೊಡುವುದು, ಉಸಿರು ತೆಗೆದುಕೊಳ್ಳುವುದು, ಮತ್ತೆ ಮೀಟುವುದು. ಯಾರೂ ಸಹಾಯಕ್ಕೂ ಏಳಲಿಲ್ಲ, ತಡೆಯಲಿಕ್ಕೂ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಲ್ಲು ಊಟೆಯಿಂದ ಮೇಲೆ, ತನ್ನ ಹಳೆಯ ಜಾಗಕ್ಕೆ ಏರಿತ್ತು.

“ರಾತ್ರಿ ಯಾಕೆ ಮಾಡ್ಲಿಲ್ಲ ಹೆತ್ತೆ?” ಎಂದು ಚಿಕ್ಕವಳಾಗಿದ್ದಾಗ ಕೇಳಿದ್ದೆ.

“ರಾತ್ರಿ ಮಾಡಿದ್ರೆ ಅದು ಕಳ್ಳತನ ಕೂಸೆ. ಬೆಳಕಲ್ಲಿ ಮಾಡಿದ್ರೆ ಹೊಲದ ಕೆಲಸ.” ಆಮೇಲೆ ಬೊಚ್ಚು ಬಾಯಲ್ಲಿ ನಕ್ಕು, “ಕೆಳಕ್ಕೆ ಉರುಳಿಸೋಕೆ ಗಂಡಸು ಸಾಕು. ಮೇಲಕ್ಕೆ ಹತ್ತಿಸೋಕೆ ಹೆಂಗಸೇ ಬೇಕು” ಅಂದಿದ್ದಳು.

ನನಗೆ ನೆನಪಿರುವ ಹೆತ್ತೆಗೆ ಆಗಲೇ ಬೆನ್ನು ಬಾಗಿತ್ತು. ಬಿಳಿ ಮುಂಡು, ತಲೆಗೆ ಬಿಗಿದು ಕಟ್ಟಿದ ಬಿಳಿ ಬಟ್ಟೆಯ ಪಟ್ಟು, ಮುಂಗೈಯಲ್ಲಿ ಹಸಿರಾಗಿ ಮಾಸಿದ ಹಚ್ಚೆ. ಆಲೂಗಡ್ಡೆ ಹೋಗಿ ಚಹಾ ಬಂದಾಗ, ಅವಳೇ ಗುಂಡಿ ತೋಡಿ ಸಸಿ ನೆಟ್ಟಳು. ಆದರೆ ಬಾಯಿಗೆ ಚಹಾ ಸೋಕಿಸಲಿಲ್ಲ. ಬೆಲ್ಲ ಹಾಕಿದ ಕರಿ ಕಾಫಿಯೇ ಆಗಬೇಕು. “ಟೀ ಇರೋದು ಫ್ಯಾಕ್ಟರಿಗೆ ಹಾಕೋಕೆ.” ಊಟಿಯ ಡಾಕ್ಟರು ಇನ್ನು ಇಳಿಜಾರು ಹತ್ತಬಾರದು ಎಂದಾಗ, “ಹಾಗಾದ್ರೆ ಎಮ್ಮ ಹಟ್ಟೀನ ನೀವೇ ಮಟ್ಟ ಮಾಡಿ ಕೊಡಿ” ಎಂದು ಎದ್ದು ಬಂದಳು. ತೋಟಕ್ಕೆ ಕಾಡೆಮ್ಮೆ ನುಗ್ಗಿದರೆ ನಾವೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದೆವು, ಅವಳು ಜಗಲಿಯ ಮೇಲೆ ಕೂತೇ ಅದರ ಕುಲವನ್ನೆಲ್ಲ ಬೈಯುತ್ತಿದ್ದಳು. ಅದು ಕೇಳಿಸಿಕೊಂಡಂತೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿತ್ತು... ಹಾಗೆಂದೇ ನನ್ನ ನೆನಪು.

ಗೋಡೆಗೆ ಗೋಡೆ ಕೂಡಿದ ಪಕ್ಕದ ಮನೆಯಲ್ಲಿದ್ದವರು ಆ ಭಾವನ ಮಗ, ನನಗೆ ದೊಡ್ಡಪ್ಪ. ಕಲ್ಲಿನ ಕತೆ ಏನೇ ಇರಲಿ, ಮಜ್ಜಿಗೆ, ಉದಕವೆನ್ನುವ ಅವರೆಕಾಳಿನ ಸಾರು ಆ ಮನೆಗೂ ಈ ಮನೆಗೂ ಓಡಾಡುತ್ತಲೇ ಇದ್ದವು. ಸಾವಿನ ಮನೆಗಳಲ್ಲಿ ಪಾಪ ಹೇಳುವವರು ಈ ದೊಡ್ಡಪ್ಪನೇ. ನಮ್ಮಲ್ಲಿ ಯಾರೇ ಸತ್ತರೂ ಹಟ್ಟಿಯ ಹಿರಿಯರೊಬ್ಬರು ಹೆಣದ ಬಳಿ ನಿಂತು, ಮನುಷ್ಯರು ಮಾಡಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಹಲ್ಲಿ ಕೊಂದದ್ದು, ಹಾವು ಕೊಂದದ್ದು, ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿದ್ದು, ಗಡಿಕಲ್ಲು ಸರಿಸಿದ್ದು. ಸತ್ತವರು ಮಾಡಿರಲಿ ಬಿಡಲಿ, ಎಲ್ಲರಿಗೂ ಅದೇ ಸಾಲುಗಳು. ಪ್ರತಿಯೊಂದಕ್ಕೂ ನೆರೆದವರು “ಅದು ಪಾಪ” ಎನ್ನಬೇಕು. ಕೊನೆಗೆ ಎಲ್ಲವೂ ಹರಿದುಹೋಗಲಿ ಎಂದು ಬೇಡುತ್ತಾರೆ. ಒಂದು ಸಾಲು ಬಿಟ್ಟರೂ ಉಳಿದದ್ದು ಹರಿಯದು ಎಂಬ ನಂಬಿಕೆ.

ದೊಡ್ಡಪ್ಪ ಸಾವಿನ ಮನೆಯಿಂದ ಬಂದು ಕಾಲು ತೊಳೆಯುವಾಗೆಲ್ಲ ಹೆತ್ತೆ ಜಗಲಿಯಿಂದ ಕೆಣಕುತ್ತಿದ್ದಳು.

“ಏನಪ್ಪ, ಇವತ್ತು ಯಾರ ತಲೆ ಮೇಲೆ ಏನೇನು ಹೊರಿಸಿ ಬಂದೆ?”

“ಹೊರಿಸೋದಲ್ಲ ಚಿಕ್ಕಮ್ಮ, ಇಳಿಸೋದು.”

“ನಂಗೂ ಇಳಿಸು. ಹಲ್ಲಿ ಹೇಳು, ಹಾವು ಹೇಳು, ಮಾಡದೆ ಇದ್ರೂ ಹೊತ್ಕೊಂಡು ಹೋಗ್ತೀನಿ. ಕಲ್ಲು ಮಾತ್ರ ಹೇಳಬೇಡ. ಅದು ನಿಮ್ಮಪ್ಪಂದು.”

ದೊಡ್ಡಪ್ಪ ತಂಬಿಗೆ ಬೋರಲು ಹಾಕಿ ಒಳಗೆ ಹೋಗುತ್ತಿದ್ದರು. ಹೆತ್ತೆಯ ನಗುವೂ ಅಲ್ಲಿಗೇ ನಿಂತುಹೋಗುತ್ತಿತ್ತು. ಒಮ್ಮೆ ನನ್ನ ಕೈ ಹಿಡಿದು ಹೇಳಿದಳು: “ಅವನು ಹೇಳೇ ಹೇಳ್ತಾನೆ ಕೂಸೆ, ಬಿಡೋಕೆ ಆಗಲ್ಲ. ಆ ಮಾತಿಗೆ ನೀನು ಹೂಂ ಅನ್ನಬೇಡ. ನಾನು ಮಲಗಿರ್ತೀನಿ, ಎದ್ದು ಜಗಳ ಆಡೋಕಾಗಲ್ಲ.”

ತುಂಬು ಬದುಕು ಬದುಕಿ, ಮೊಮ್ಮಕ್ಕಳ ಮಕ್ಕಳನ್ನು ತೊಡೆಯ ಮೇಲೆ ಆಡಿಸಿ, ಒಂದು ಬೆಳಿಗ್ಗೆ ಕಾಫಿ ಕೇಳಿ, ಅದು ಬರುವ ಮೊದಲೇ ಹೋಗಿಬಿಟ್ಟಳು.

ಬಯಲಿನಲ್ಲಿ ಮಂಚ ಹಾಕಿದ್ದರು. ಸುತ್ತ ನಾವು ಹೆಂಗಸರು, ಆಚೆ ಗಂಡಸರು. ದೊಡ್ಡಪ್ಪನಿಗೂ ಆಗ ವಯಸ್ಸಾಗಿತ್ತು, ದನಿ ಒಡೆಯುತ್ತಿತ್ತು. ಹಲ್ಲಿ ಬಂತು, ಹಾವು ಬಂತು. ನಾನೂ ಎಲ್ಲರ ಜೊತೆ “ಅದು ಪಾಪ” ಎಂದೆ. ಗಡಿಕಲ್ಲಿನ ಸಾಲು ಹತ್ತಿರ ಬಂತು. ಅವರು ಅದರ ಮುಂದೆ ಸ್ವಲ್ಪ ತಡೆದರು. ಆಮೇಲೆ ಹೇಳಿದರು.

ನಾನು ಬಾಯಿ ಬಿಡಲಿಲ್ಲ. ಅಷ್ಟೇ ನಾನು ಮಾಡಬೇಕೆಂದಿದ್ದದ್ದು. ಆದರೆ ನನ್ನ ಪಕ್ಕದಲ್ಲಿದ್ದ, ದೊಡ್ಡಪ್ಪನ ತಂಗಿಯಾದ ಅತ್ತೆಯೂ ಹೇಳಲಿಲ್ಲ. ಅವರ ಹಿಂದಿನವರೂ ಹೇಳಲಿಲ್ಲ. ಹೆತ್ತೆ ಇನ್ನೂ ಯಾರ್ಯಾರ ಕೈ ಹಿಡಿದು ಹೇಳಿದ್ದಳೋ, ಇಲ್ಲ ಹೇಳಿಸಿಕೊಳ್ಳುವ ಅಗತ್ಯವೇ ಅವರಿಗಿರಲಿಲ್ಲವೋ... ಗಂಡಸರ ಕಡೆಯಿಂದ ಮಾತ್ರ ತೆಳ್ಳಗೆ “ಅದು ಪಾಪ” ಬಂತು, ಅದೂ ಅರ್ಧಕ್ಕೇ ನಿಂತಿತು. ದೊಡ್ಡಪ್ಪ ನಮ್ಮ ಕಡೆ ನೋಡಿದರು. ಆ ಸಾಲನ್ನು ಇನ್ನೊಮ್ಮೆ ಹೇಳಿದರು. ಹೆಂಗಸರು ಯಾರೂ ತಲೆ ತಗ್ಗಿಸಲಿಲ್ಲ. ನನ್ನ ಅತ್ತೆ, ಜೋರಾಗಿ ಮಾತೇ ಆಡದ ಹೆಂಗಸು, ಮಂಚದ ಕಾಲು ಹಿಡಿದು ಕೂತಲ್ಲಿಂದಲೇ ಅಂದರು: “ಅವಳು ಇಟ್ಟದ್ದು ಇದ್ದ ಜಾಗದಲ್ಲೇ. ಮುಂದಕ್ಕೆ ಹೇಳಿ ಅಣ್ಣ.”

ಅವರು ಮುಂದಕ್ಕೆ ಹೇಳಿದರು.

ಈಗ ಆ ದೊಡ್ಡಪ್ಪನೂ ಇಲ್ಲ, ಅತ್ತೆಯೂ ಇಲ್ಲ. ಮೇಲಿನ ತೋಟ, ಕೆಳಗಿನ ತೋಟ ಎರಡೂ ಒಂದೇ ಹಸಿರಾಗಿ ಬೆಳೆದು ಕಲ್ಲನ್ನು ಮುಚ್ಚಿದ್ದವು. ಅದು ಬಯಲಾಗಿ ನಿಂತದ್ದನ್ನು ನೋಡಿ ಕವಾತಿನ ಆಳು ಕೇಳಿದ, “ಇದನ್ನ ಉರುಳಿಸಿಬಿಡ್ಲಾ ಅಕ್ಕ? ನಡೆಯೋಕೆ ಅಡ್ಡ.”

“ಸುತ್ತಿ ನಡಿ” ಎಂದೆ.

ಹೆತ್ತೆ ತೀರಿಕೊಂಡ ದಿನದಿಂದ ಯಾವ ಸಾವಿಗೆ ಹೋದರೂ ಗಡಿಕಲ್ಲಿನ ಸಾಲು ಬಂದಾಗ ನಾನು ಸುಮ್ಮನಿರುತ್ತೇನೆ. ಅವರವರ ಕಲ್ಲು ಯಾರು ಕೆಳಕ್ಕೆ ಉರುಳಿಸಿದ್ದು, ಯಾರು ಮೇಲಕ್ಕೆ ಹತ್ತಿಸಿದ್ದು, ನನಗೇನು ಗೊತ್ತು? ಕೇಳೋಣವೆಂದರೆ ಎಲ್ಲ ಬಲ್ಲವಳು ಇಲ್ಲ. ಸೆರಗಿನಿಂದ ಪಾಚಿ ಒರೆಸಿ ಕಲ್ಲಿನ ಮೇಲೆ ಕೂತೆ. ತಣ್ಣಗಿತ್ತು. ಫ್ಲಾಸ್ಕಿನ ಮುಚ್ಚಳಕ್ಕೆ ಕರಿ ಕಾಫಿ ಸುರಿದುಕೊಂಡೆ. ಪಕ್ಕದಲ್ಲಿ, ಕಡಿದ ಕೊಂಬೆಗಳ ಅಡಿಯಲ್ಲಿ, ಊಟೆಯ ನೀರು ನಮ್ಮ ಕಡೆಗೇ ಹರಿಯುತ್ತಿತ್ತು.