ನೆಲಮಾಳಿಗೆ ತೊಳೆಯುವ ಅಬಾ ಮತ್ತು ಕರೆಯಬಾರದ ಹೆಸರು

ಇನ್ನೂ ಮಸುಕು ಬೆಳಕು. ಮೀನುದೋಣಿಗಳು ಒಂದೊಂದಾಗಿ ದಡ ಸೇರುತ್ತಿವೆ. ಕಡಲ ಕೋಟೆಯ ನೆಲಮಾಳಿಗೆಯ ಬಾಗಿಲಲ್ಲಿ ಬಕೆಟ್ಟು, ಪೊರಕೆ ಇಳಿಸಿ ಅಬಾ ಮಾನ್ಸಾ ಕೂಗುತ್ತಾರೆ: "ಅಗೋ!" ಯಾರ ಮನೆಗೆ ಹೋದರೂ ಈ ಆಫ್ರಿಕನ್ ಕರಾವಳಿಯ ನಾವು ಫಾಂಟಿ ಜನ ಹೊಸ್ತಿಲಾಚೆ ನಿಂತು ಹೀಗೇ ಕೂಗುವುದು, ಒಳಗಿನವರು "ಅಮೇ" ಎಂದ ಮೇಲೇ ಕಾಲಿಡುವುದು. ಹಡಗು ಹತ್ತಿಸುವ ಮುನ್ನ ಗುಲಾಮರನ್ನು ಕೂಡಿಹಾಕುತ್ತಿದ್ದ ಕೋಣೆ ಇದು, ಉತ್ತರ ಬರುವುದಿಲ್ಲ. ಅಬಾ ಸ್ವಲ್ಪ ಕಾದು, ಚಪ್ಪಲಿ ಬಿಟ್ಟು ಒಳಹೋಗುತ್ತಾರೆ.

"ಏನಕ್ಕಾ, ಇವತ್ತಾದ್ರೂ ಯಾರಾದ್ರೂ ಓಗೊಟ್ರಾ?" ಟಿಕೆಟ್ ಕೊಡುವ ಕ್ವಾಮೆನಾ ಕೆಣಕುತ್ತಾನೆ.

"ಅವ್ರೇನು ನಿನ್ ಥರ ಬಾಯಿಬಡುಕರೇನೋ? ಹೋಗು, ನೀರು ತಾ."

ಮದುವೆಯಾದ ವರ್ಷದಿಂದ ಅಬಾ ಈ ನೆಲ ತೊಳೆಯುತ್ತಿದ್ದಾರೆ. ಈಗ ಮಂಡಿ ಬಗ್ಗುವುದಿಲ್ಲ, ತಂಡಿಗೆ ಕೆಮ್ಮು ಅಂಟಿಕೊಂಡಿದೆ. ಅಮೆರಿಕದಿಂದ ಬಂದವರು ಗೋಡೆಗೆ ಹಣೆಯಿಟ್ಟು ಅಳುತ್ತಾರೆ, ಹೂ ಇಡುತ್ತಾರೆ. ಕೊಳೆತ ಹೂ ಎತ್ತುವವರು ಇವರೇ. "ಅವ್ರು ಅತ್ರೆ ನಂಗೂ ಅಳು ಬರುತ್ತೆ. ಅವ್ರ ಅಜ್ಜಿ ಹಡಗು ಹತ್ತಿದ್ಲು, ನಮ್ಮಜ್ಜಿ ಹತ್ತಲಿಲ್ಲ. ಅಷ್ಟೇ ವ್ಯತ್ಯಾಸ."

ಅಬಾ ಮುತ್ತಜ್ಜಿ ಎನ್ನುವ, ಹಲವು ತಲೆಮಾರುಗಳಾಚೆಯ ಹೆಣ್ಣನ್ನು ಬಡಗಣ ಸೀಮೆಯ ಸಂತೆಯಲ್ಲಿ ಕೊಂಡು, ಇಲ್ಲಿಯವರೆಗೆ ನಡೆಸಿ ತಂದರು. ಬೈಡೂ ಮನೆತನ ಅವಳನ್ನು ಹಡಗಿಗೆ ಮಾರದೆ ಮನೆಗೆಲಸಕ್ಕೆ ಇಟ್ಟುಕೊಂಡಿತು. ಅವಳ ಮಕ್ಕಳು ಆ ಮನೆಯವರೇ ಆದರು. ಯಾರೂ ಯಾರ ಮೂಲವನ್ನೂ ಬಾಯಿಬಿಡಬಾರದು ಎಂಬುದು ನಮ್ಮ ಹಿರಿಯರ ಕಟ್ಟಳೆ. ಒಳ್ಳೆಯ ಕಟ್ಟಳೆಯೇ, ಯಾರೂ ಹಂಗಿಸುವಂತಿಲ್ಲ. ಆದರೆ ಮನೆತನದೊಳಗೆ ಎಲ್ಲರಿಗೂ ಗೊತ್ತಿದೆ. ಮನೆತನದ ಯಜಮಾನಿಕೆ ಅಬಾರ ಕವಲಿಗೆ ಎಂದೂ ಬಂದಿಲ್ಲ, ಅವರ ತಾಯಿಯನ್ನು ಮಣ್ಣು ಮಾಡಿದ್ದು ಸ್ಮಶಾನದ ಗೋಡೆಯ ಬುಡದಲ್ಲಿ.

ಗುಲಾಮ ವ್ಯಾಪಾರ ಘೋರ ಅಪರಾಧವೆಂದು ಈಗ ಜಗತ್ತು ಒಪ್ಪುತ್ತಿದೆ. ಮೀನು ಹೊಗೆಗಿಡುವ ಒಲೆಗಳ ಮುಂದೆಯೂ ಪರಿಹಾರದ್ದೇ ಮಾತು. ಈ ಶನಿವಾರ ಮಧ್ಯಾಹ್ನ ಕೋಟೆಯೆದುರು ಪ್ರತಿ ಮನೆತನದ ಹಿರಿಯರು ನೆಲಕ್ಕೆ ಮದ್ಯ ಎರೆದು, ಕಳೆದುಹೋದವರ ಹೆಸರು ಕರೆಯಲಿದ್ದಾರೆ. ಬೈಡೂ ಮನೆಯ ಯಜಮಾನ ಎಬೊ ಬೈಡೂ, ಬೇರೆ ಕವಲಿನವರಾದರೂ ವರಸೆಯಲ್ಲಿ ಅಬಾಗೆ ಸೋದರಮಾವನಾಗಬೇಕು. ಮುತ್ತಜ್ಜಿಯ ಹೆಸರನ್ನೂ ಕರೆಯುವಂತೆ ಅವರನ್ನು ಕೇಳಲು ಅಬಾ ಹೋದಾಗ, ಪತ್ರಿಕೆಯ ಪುರವಣಿಗೆ ಅಬಾರ ಬಗ್ಗೆ ಬರೆಯಲೆಂದು ಬಂದಿದ್ದ ನಾನೂ ಜೊತೆಗಿದ್ದೆ.

"ಮಾವ, ಒಂದ್ಸಲ ಅವಳ ಹೆಸರೂ ಕರೀರಿ."

"ಆ ಹೆಸರು ಕಿವಿಗೆ ಬಿದ್ರೆ ಸಾಕು, ಬಡಗಣದೋಳು ಅಂತ ಊರಿಗೇ ಗೊತ್ತಾಗುತ್ತೆ. ನಿನ್ನ ಮಾನ ಕಾಯ್ತಿರೋನು ನಾನು ಕಣಮ್ಮಾ. ನಮ್ಮನೇಲಿ ಯಾರಾದ್ರೂ ನಿನ್ನ ಗುಲಾಮಳು ಅಂದಿದ್ದಾರಾ?"

"ಇಲ್ಲ ಮಾವ. ಅವಳನ್ನ ಅಜ್ಜಿ ಅಂದೋರೂ ಇಲ್ಲ."

ಮುದುಕರ ಮುಖ ಬಿಗಿಯಿತು. "ಆ ಹೆಸರು ಹೊರಗೆ ಬಂದ್ರೆ ನೋಡು, ನಮ್ಮ ಸ್ಮಶಾನದಲ್ಲಿ ನಿನಗೆ ಜಾಗ ಇರಲ್ಲ."

ಶನಿವಾರ ಯುರೋಪಿನವರಿಂದ ಪರಿಹಾರ ಕೇಳಿ ಭಾಷಣ ಮಾಡುವವರೂ ಇವರೇ. ಮನೆಗೆ ಮಾರಿ, ಊರಿಗೆ ಉಪಕಾರಿ. ನನಗೆ ಮೈ ಉರಿಯಿತು. ಸತ್ತ ಮೇಲೆ ತಾಯಿಯ ಪಕ್ಕದಲ್ಲಿ ಮಲಗುವ ಆಸೆಯೊಂದೇ ಅಬಾಗೆ ಉಳಿದಿರುವುದು.

ಇದನ್ನೆಲ್ಲ ಬಿಟ್ಟು ಬರಿಯ ಕೆಲಸದ ಬಗ್ಗೆ ಬರೆಯಲೇ ಎಂದು ಕೇಳುತ್ತೇನೆ. ಅಬಾ ಒದ್ದೆ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕುತ್ತಾರೆ.

"ನಿಮ್ಮ ಪುರವಣಿ ಶನಿವಾರ ಬೆಳಿಗ್ಗೇನೇ ಬರುತ್ತಲ್ವಾ?"

"ಹೌದು."

"ಹಾಗಿದ್ರೆ ಬರ್ಕೋ. ಅತಾಂಪೋಕ. ನನ್ನ ಮುತ್ತಜ್ಜಿ."